ಬೆಳಕಿಂಡಿಯ ಮೇಲಿನ ಚಪ್ಪಡಿ

ಶಹಾಪುರದಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಮೊದಲ ಸಂಜೆ ಚಾಪೆ ಹಾಸಿ ಮಲಗಿದ್ದೆ. ಬಸ್ಸಿನ ಆಯಾಸ. ಕಣ್ಣು ಮುಚ್ಚಿತೋ ಇಲ್ಲವೋ, ತಲೆಯ ಮೇಲೆ ಯಾರೋ ಧಪಧಪ ನಡೆದರು. ಸೂರಿನ ಮಣ್ಣು ಉದುರಿ ನೇರ ನನ್ನ ಬಾಯಿಗೇ ಬಿತ್ತು. ನಮ್ಮ ಕಡೆ ಮನೆಯ ಮೇಲೆ ಏನಾದರೂ ಓಡಾಡಿತು ಅಂದರೆ ಅದು ಕೋತಿ, ಇಲ್ಲವೇ ಬೆಕ್ಕು. ಇದು ಮಾತಾಡುತ್ತಿತ್ತು. ಕೋಲು ಹಿಡಿದು ಹೊರಗೆ ಓಡಿದೆ. ಮೇಲಿಂದ ಒಬ್ಬ ವಯಸ್ಸಾದ ಹೆಂಗಸು ಕಂಕುಳಲ್ಲಿ ಮೊರ ಇಟ್ಟುಕೊಂಡು ಬಗ್ಗಿ ನೋಡಿದರು.

“ಯಾಕೋ ತಮ್ಮಾ, ಕೋಲು ಹಿಡಕೊಂಡು ಬಂದಿ? ಹಾವು ಬಂತೇನು?”

“ನೀವು... ನಮ್ಮನೆ ಮೇಲೆ ಹತ್ತಿದೀರಲ್ಲ!”

“ನಿಮ್ಮನಿ ಮ್ಯಾಲೆ ನಾ ಯಾಕ ಹತ್ತಲಿ? ಮಾಳಗಿ ಮ್ಯಾಲೆ ಅದೀನಿ. ಮೆಣಸಿನಕಾಯಿ ತಗೊಂಡ್ ಹೊಂಟೀನಿ. ಮಲ್ಕೋ ಹೋಗು.”

ಅವರೇ ಪಕ್ಕದ ಮನೆಯ ಶರಣಮ್ಮ. ಈ ಬರಹ ಅವರದ್ದು ಮತ್ತು ನನ್ನ ಹೊಗೆಯದ್ದು. ಓದುವ ನೀವೆಲ್ಲ ಚನ್ನರಾಯಪಟ್ಟಣದ ಸುತ್ತಿನ ಹೆಂಚಿನ ಮನೆಯವರು, ಆದ್ದರಿಂದ ಮೊದಲು ಮಾಳಗಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇಲ್ಲಿ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಮಣ್ಣು ಮೆತ್ತಿದ ಚಪ್ಪಟೆ ಸೂರು. ಆ ಸೂರೇ ಮಾಳಗಿ. ಒಂದು ಮನೆಯ ಮಾಳಗಿಗೆ ಇನ್ನೊಂದು ಮನೆಯದು ಅಂಟಿಕೊಂಡಿರುತ್ತದೆ. ಓಣಿಯ ಈ ತುದಿಯಲ್ಲಿ ಹತ್ತಿದವರು ಕೆಳಗೆ ಇಳಿಯದೇ ಆ ತುದಿಗೆ ಹೋಗಬಹುದು. ಬೇಸಿಗೆಯಲ್ಲಿ ಅಲ್ಲೇ ನಿದ್ದೆ, ಬಿಸಿಲಿಗೆ ಅಲ್ಲೇ ಹಪ್ಪಳ ಸಂಡಿಗೆ, ಸಂಜೆ ಅಲ್ಲೇ ಜಗಳ ಮತ್ತು ರಾಜಿ. ನಮ್ಮಲ್ಲಿ ಸೂರು ಅಂದರೆ ಮನೆ ಮುಗಿಯುವ ಜಾಗ. ಇಲ್ಲಿ ಅರ್ಧ ಮನೆ ಅಲ್ಲಿಂದ ಶುರುವಾಗುತ್ತದೆ. ಇದು ನನ್ನ ತಲೆಗೆ ಮೊದಲ ದಿನವೇ ಮಣ್ಣಿನ ಸಮೇತ ಬಿದ್ದಿತ್ತು. ಆದರೂ ಒಳಗೆ ಇಳಿಯಲಿಲ್ಲ ನೋಡಿ.

ನಾನು ಬಂದದ್ದು ಸೋದರಮಾವನ ಹಿಂದೆ. ರಾಜ್ಯ ಒಂದಾದ ಮರುವರ್ಷ ಅವರಿಗೆ ಇಲ್ಲಿಯ ಕಚೇರಿಗೆ ವರ್ಗವಾಯಿತು. ಯಾದಗಿರಿಯಲ್ಲಿ ರೈಲಿಳಿದು, ಭೀಮಾ ನದಿ ದಾಟಿ, ಬಸ್ಸಿನಲ್ಲಿ ಕುಲುಕಿ ಕುಲುಕಿ ಬಂದೆವು. ಅರ್ಧ ವರ್ಷ ಕಳೆಯುವುದರೊಳಗೆ ಅವರನ್ನು ಸುರಪುರಕ್ಕೆ ಕಳಿಸಿದರು. “ನೀನೂ ಬಾರೋ” ಅಂದರು. ನಾನು ಹೋಗಲಿಲ್ಲ. ನನ್ನ ತಲೆಯಲ್ಲಿ ಆಗಲೇ ಬೇಕರಿ ಎದ್ದು ನಿಂತಿತ್ತು.

ಬೇಕರಿ ಕೆಲಸವನ್ನು ನನಗೆ ಯಾರೂ ಕಲಿಸಿಲ್ಲ. ಮೈಸೂರಿನಲ್ಲಿ ಒಂದು ಬೇಕರಿಯ ಹಿಂಬದಿ ಕಿಟಕಿಯಲ್ಲಿ ನಿಂತು ನೋಡಿ ಕಲಿತದ್ದು. ಅವರು ಓಡಿಸುತ್ತಿದ್ದರು, ನಾನು ಮತ್ತೆ ಬರುತ್ತಿದ್ದೆ. ಹುಳಿ ಹಾಕಿದ ಹಿಟ್ಟು ಹೇಗೆ ಏಳುತ್ತದೆ, ಒಲೆಯನ್ನು ಎಷ್ಟು ಹೊತ್ತು ಕಾಯಿಸಬೇಕು, ಕೆಂಡ ಯಾವಾಗ ಎಳೆಯಬೇಕು, ಎಲ್ಲ ಕಣ್ಣಲ್ಲೇ ಕಲಿತೆ. ಇಲ್ಲಿಯ ಹಾಸುಗಲ್ಲು ಕಂಡಾಗ ಕೈ ತುರಿಸತೊಡಗಿತು. ಹಿತ್ತಲಲ್ಲಿ ಒಲೆ ಕಟ್ಟಿದೆ, ಕುಸಿಯಿತು. ಮತ್ತೆ ಕಟ್ಟಿದೆ, ಬಿರುಕು ಬಿಟ್ಟಿತು. ಮೂರನೆಯದು ನಿಂತಿತು. ಇಲ್ಲಿಯವರು ಅದಕ್ಕೆ ಭಟ್ಟಿ ಅನ್ನುತ್ತಾರೆ. ಹೊಗೆಗೂಡನ್ನು ಪಕ್ಕದ ಮನೆಯ ಗೋಡೆಗೆ ಒರಗಿಸಿ ಮೇಲೆತ್ತಿದೆ, ಸೂರು ದಾಟಿ ಎರಡು ಮೊಳ. ನಮ್ಮೂರಲ್ಲಿ ಹೆಂಚು ದಾಟಿ ಎರಡು ಮೊಳ ಬಂದರೆ ಹೊಗೆ ಆಕಾಶದ ಪಾಲು, ಮತ್ತೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ನಾನೂ ಯೋಚಿಸಲಿಲ್ಲ.

ಕಟ್ಟುವ ಮೊದಲು ಕೇಳಿದ್ದಂತೂ ನಿಜ. ಶರಣಮ್ಮನ ಬಾಗಿಲಿಗೆ ಹೋಗಿ, “ಅಮ್ಮಾ, ಹಿತ್ತಲಲ್ಲಿ ಭಟ್ಟಿ ಹಾಕಲಾ?” ಅಂದೆ.

“ಹಾಕೋ, ಅಡ್ಡಿಲ್ಲ,” ಅಂದರು. “ಏನ್ ಸುಡ್ತಿ ಅದರಾಗ?”

“ಬನ್ನು, ಬ್ರೆಡ್ಡು.”

“ಡಬಲ್ ರೊಟ್ಟಿ? ಅದು ಜ್ವರ ಬಂದವ್ರು ತಿನ್ನೋದಲ್ಲಪಾ! ಊರಿಗೆಲ್ಲಾ ಜ್ವರ ಬರಸ್ತಿಯೇನು?”

ಡಬಲ್ ರೊಟ್ಟಿ ಅಂದರೆ ನಮ್ಮ ಬ್ರೆಡ್ಡೇ, ಹೈದರಾಬಾದಿನಿಂದ ಬಂದ ಹೆಸರು. ಮೊದಮೊದಲು ಅಂಗಡಿಗೆ ಬಂದವರು ಮುಖ ಸಪ್ಪೆ ಮಾಡಿಕೊಂಡು, “ಮನ್ಯಾಗ ಆರಾಮಿಲ್ರಿ, ಒಂದು ಕೊಡ್ರಿ” ಅನ್ನುತ್ತಿದ್ದರು. ಆರಾಮಿದ್ದವರು ತಿನ್ನುವಂತೆ ಮಾಡಲು ನಾನು ಪಟ್ಟ ಪಾಡು ಬೇರೆಯೇ ಒಂದು ಬರಹ. ಕೊನೆಗೆ ಬೆಳಗಿನ ಬಸ್ಸಿನ ಜನಕ್ಕೆ ಬಿಸಿ ಬನ್ನು ರೂಢಿಯಾಯಿತು. ಕಂಡಕ್ಟರು ಬಸ್ಸು ನಿಲ್ಲಿಸಿ ನನ್ನ ಕಡೆ ಕೈ ಬೀಸಿದ ದಿನ ನಾನು ಕುಣಿದುಬಿಟ್ಟಿದ್ದೆ.

ಭಾಷೆಯ ವಿಷಯಕ್ಕೆ ಬಂದರೆ, ಬಂದ ಹೊಸದರಲ್ಲಿ ಎಲ್ಲರೂ ನನ್ನನ್ನು ಬೈಯುತ್ತಿದ್ದಾರೆ ಅನ್ನಿಸುತ್ತಿತ್ತು. ಮಾತು ಕಲ್ಲು ಎಸೆದ ಹಾಗೆ ಬರುತ್ತದೆ. “ಯಾಕ್ ಬಂದಿ?” ಅಂದರೆ ಬಂದದ್ದಕ್ಕೆ ಸಿಟ್ಟಲ್ಲ, ಕುಶಲ ಕೇಳುವುದು. ನನ್ನ ಮಾತು ಅವರಿಗೆ ತಮಾಷೆ. “ಬರ್ತಾ ಇದೀನಿ, ಹೋಗ್ತಾ ಇದೀನಿ ಅಂತ ಜೋಕಾಲಿ ಆಡ್ದಂಗ ಮಾತಾಡ್ತೀರಿ ನೀವು,” ಅಂತ ಶರಣಮ್ಮನ ಮಗ ಮಾನಪ್ಪ ನಗುತ್ತಿದ್ದ. ಎತ್ತಿನ ಬಂಡಿ ಹೊಡೆಯುವವ, ನನಗಿಂತ ಸ್ವಲ್ಪ ದೊಡ್ಡವ. ನನ್ನ ಕಟ್ಟಿಗೆ ತರುವವನೂ ಅವನೇ. ಇಷ್ಟು ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಜನ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ನಾನು ತೀರ್ಮಾನಿಸಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ ಅಂದರೆ ಎಲ್ಲ ಚೆನ್ನಾಗಿದೆ ಅಂತಲೇ ಅರ್ಥ, ಅಲ್ಲವೇ?

ಚಳಿಗಾಲ ಬಂತು. ನಾನು ಬೆಳಕು ಹರಿಯುವ ಮುಂಚೆ ಭಟ್ಟಿ ಹೊತ್ತಿಸುತ್ತಿದ್ದೆ. ಬೇಗ ಉರಿಯಲಿ ಅಂತ ತೊಗರಿ ಹೊಟ್ಟು, ಹಸಿ ಜಾಲಿ ಕಟ್ಟಿಗೆ, ಕೈಗೆ ಸಿಕ್ಕ ಗೋಣಿಚೂರು, ಎಲ್ಲ ತುರುಕುತ್ತಿದ್ದೆ. ಹೊಗೆ ದಪ್ಪಗೆ ಎದ್ದು ಊರಂಚಿನ ಬೆಟ್ಟದ ಮುಂದೆ ಹಾಸಿಕೊಳ್ಳುವುದನ್ನು ಬೀದಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಹೊಗೆ! ಊರಿನ ಯಾವ ಮೂಲೆಯಿಂದ ನೋಡಿದರೂ ನನ್ನ ಭಟ್ಟಿ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಅಮ್ಮನಿಗೆ ಕಾಗದದಲ್ಲಿ ಅದನ್ನೂ ಬರೆದಿದ್ದೆ.

ಅದೇ ಕಾಗದದಲ್ಲಿ ಇನ್ನೊಂದು ಸಂಗತಿ ಬರೆದಿದ್ದೆ. ಶರಣಮ್ಮ ದಿನಾ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾರೆ, ಕೌದಿ ಹೊಲಿಯುತ್ತಾರೆ, ಇಲ್ಲಿ ನನಗೊಬ್ಬ ತಾಯಿ ಸಿಕ್ಕಿದ್ದಾರೆ, ಅಂತ. ಕೌದಿ ಅಂದರೆ ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಹೊದಿಕೆ. ಅವರು ಹೊಲಿಯುತ್ತಿದ್ದದ್ದು ಅಂಗೈಯಗಲದ ಚೂರುಗಳ ಚಿಕ್ಕ ಕೌದಿ. ಹತ್ತಿಕುಣಿಗೆ ಮದುವೆ ಮಾಡಿ ಕೊಟ್ಟ ಮಗಳು ನೀಲಮ್ಮನಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಅದು ನಿಮ್ಮಲ್ಲೂ ಇಲ್ಲೂ ಒಂದೇ.

“ನೀಲಮ್ಮ ಯಾವಾಗ ಬರ್ತಾಳಮ್ಮಾ?” ಅಂದರೆ, “ಬರ್ತಾಳ, ಬರ್ತಾಳ,” ಅಂತ ಸೂಜಿ ಎಳೆಯುತ್ತಿದ್ದರು. ಆ ಮಾತು ಒಣಗಿದ ಹಾಗಿತ್ತು ಅಂತ ಈಗ ಅನ್ನಿಸುತ್ತದೆ. ಆಗ ನಾನು ಹಿಟ್ಟಿನ ಕಡೆ ನೋಡುತ್ತಿದ್ದೆ. ಬಂದು ಕೂರುತ್ತಿದ್ದ ಅವರಿಗೆ ದಿನಾ ಎರಡು ಬನ್ನು ಕೊಡುತ್ತಿದ್ದೆ. ಮತ್ತೂ ಒಂದು ಸಂತೋಷ ನನಗೆ: ಮಾಳಗಿಯ ಮೇಲೆ ಈಗ ಯಾರೂ ಓಡಾಡುತ್ತಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ದುಡಿಯುವ ಹುಡುಗ, ಹಗಲು ಸ್ವಲ್ಪ ಮಲಗಲಿ ಅಂತ ಬಿಟ್ಟಿದ್ದಾರೆ ಅಂದುಕೊಂಡೆ. ಎಂಥ ಜನ!

ಹೀಗಿರುವಾಗ ಒಂದು ಮಧ್ಯಾಹ್ನ ಹತ್ತಿಕುಣಿಯಿಂದ ನೀಲಮ್ಮನ ಮಾವ ಹಣಮಂತ್ರಾಯ ಬಂದರು. ಸೊಸೆಯನ್ನು ಕಳಿಸುವ ಮಾತಾಡಲಿಕ್ಕೆ ಅಂತ ನನಗೆ ಗೊತ್ತಿತ್ತು. ಬೀಗರು ಬಂದಿದ್ದಾರೆ, ನಮ್ಮ ಶರಣಮ್ಮನ ಮರ್ಯಾದೆ ನಮ್ಮದೂ ಹೌದು ಅಂತ ತಟ್ಟೆ ತುಂಬ ಬನ್ನು ಜೋಡಿಸಿದೆ. ಅವತ್ತಿನವೇ. ಮೇಲೆ ಸಕ್ಕರೆ ಉದುರಿಸಿದೆ. ಇಷ್ಟು ದಿನ ಬಾಗಿಲ ತನಕ ಹೋಗಿದ್ದೆ, ಆ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಗ್ಗತ್ತಲು. ಗೂಡಿನಲ್ಲಿ ಬುಡ್ಡಿದೀಪ ಉರಿಯುತ್ತಿತ್ತು. ನಡುಮಧ್ಯಾಹ್ನ!

ಇಲ್ಲಿಯ ಹಳೆ ಮನೆಗಳಿಗೆ ಕಿಟಕಿ ಇರುವುದಿಲ್ಲ. ಮಾಳಗಿಯಲ್ಲೇ ಒಂದು ತೂತು ಬಿಟ್ಟಿರುತ್ತಾರೆ, ಬೆಳಕಿಂಡಿ. ಬೆಳಕು ಅದರಿಂದಲೇ ಇಳಿಯಬೇಕು, ಒಲೆಯ ಹೊಗೆ ಅದರಿಂದಲೇ ಏರಬೇಕು. ಮೇಲೆ ನೋಡಿದೆ. ಬೆಳಕಿಂಡಿಯ ಮೇಲೆ ಹಾಸುಗಲ್ಲಿನ ಚಪ್ಪಡಿ ಎಳೆದಿದ್ದರು. ಸಂದಿಗೆ ಚಿಂದಿ ತುರುಕಿದ್ದರು. ಆ ಚಿಂದಿ ಕೌದಿಯ ಚೂರುಗಳೇ, ಕರ್ರಗಾಗಿದ್ದವು. ಅಷ್ಟಾದರೂ ಮುಂಜಾನೆಯ ಹೊಗೆ ಮನೆಯೊಳಗೇ ಸಿಕ್ಕಿಕೊಂಡಿತ್ತು, ಅದರ ವಾಸನೆ ಇತ್ತು. ಹಸಿ ಜಾಲಿ, ಸುಟ್ಟ ಗೋಣಿ. ಆ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

ಹಣಮಂತ್ರಾಯರು ಆಗಲೇ ಕೆಮ್ಮುತ್ತಿದ್ದರು.

“ಈ ಹೊಗ್ಯಾಗ ನಮ್ಮ ಸೊಸಿನ್ನ ಹೆಂಗ ಕಳಸ್ಲೆವ್ವಾ? ಹಸಿಕೂಸು ಇದನ್ನ ಕುಡದು ಬದಕ್ತದೇನು? ನಮ್ಮನ್ಯಾಗೇ ಆಗ್ಲಿ ಬಾಣಂತನ.”

ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದಿಲ್ಲ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಹೇಳಬೇಕಿಲ್ಲ. ಶರಣಮ್ಮನ ಮುಖ ದೀಪದ ಬೆಳಕಿನಲ್ಲೂ ಬಾಡಿದ್ದು ಕಂಡಿತು. ಅವರು ನನ್ನನ್ನು ನೋಡಿದರು, ತಟ್ಟೆ ನೋಡಿದರು, ಬೀಗರ ಕಡೆ ತಿರುಗಿದರು.

“ನಮ್ಮ ಒಲಿ ಕೆಟ್ಟದ್ರಿ ಬೀಗರ. ನಮ್ಮ ಒಲಿದೇ ಹೊಗಿ ಅದು. ಮಾನಪ್ಪಗ ಹೇಳೀನಿ, ಸುದ್ದ ಮಾಡ್ತಾನ.”

ಹಣಮಂತ್ರಾಯರು ಎದ್ದು ಮೂಲೆಯ ಒಲೆಯ ಬೂದಿಯಲ್ಲಿ ಕೈ ಇಟ್ಟರು. “ತಣ್ಣಗದಲ್ಲವ್ವಾ. ಒಲಿ ಹೊರಗ ಅಂಗಳದಾಗ ಇಟ್ಟೀರಿ, ಬರೋ ಮುಂದ ನೋಡೀನಿ. ಸುಳ್ಳ ಯಾಕ್ ಹೇಳ್ತಿ?”

ತಟ್ಟೆಯನ್ನು ಕೆಳಗಿಟ್ಟೆ. “ಅದು ನನ್ನ ಹೊಗೆ,” ಅಂದೆ. “ನನ್ನ ಭಟ್ಟಿದು. ಅವರದ್ದೇನೂ ತಪ್ಪಿಲ್ಲ.”

“ಹಂಗ? ಹಂಗಾರ ನೀ ಅದನ್ನ ಆರಸು, ನಾ ಸೊಸಿನ್ನ ಕಳಸ್ತೀನಿ,” ಅಂದರು ಹಣಮಂತ್ರಾಯ. ಬನ್ನು ಮುಟ್ಟಲಿಲ್ಲ. ಹೆಗಲ ಮೇಲಿನ ವಸ್ತ್ರ ಝಾಡಿಸಿಕೊಂಡು ಹೋದರು.

ದೊಡ್ಡ ಮನಸ್ಸು ಮಾಡಿ ನಿಜ ಒಪ್ಪಿಕೊಂಡೆ ಅಂತ ಒಳಗೊಳಗೆ ಅನ್ನಿಸಿತ್ತು, ಆ ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಶರಣಮ್ಮ ನನ್ನ ಕಡೆ ನೋಡಲೇ ಇಲ್ಲ. “ಬೀಗರ ಮುಂದ ನನ್ನ ಸುಳ್ಳಬುರಕಿ ಮಾಡಿದೆಲ್ಲೋ,” ಅಂದರು. “ಹೋಗು, ತಟ್ಟಿ ತಗೊಂಡ್ ಹೋಗು.”

ನಾನು ಹೋದೆ. ಭಟ್ಟಿಯ ಬಾಯಿಗೆ ಕಲ್ಲು ಇಟ್ಟೆ. ಮರುದಿನ ಬಸ್ಸು ನಿಂತಿತು, ಕಂಡಕ್ಟರು ಕೈ ಬೀಸಿದ, ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಕಟ್ಟೆಯ ಮೇಲೆ ಶರಣಮ್ಮ ಬಂದು ಕೂರಲಿಲ್ಲ. ಮಾನಪ್ಪ ಬಂದ.

“ಯಾಕೆ ಮಾರಾಯ, ಯಾರೂ ಒಂದು ಮಾತು ಹೇಳಲಿಲ್ಲ?” ಅಂದೆ. “ಎಲ್ಲದಕ್ಕೂ ಬೈತೀರಲ್ಲ, ಇದಕ್ಕೆ ಬೈಯೋಕೆ ಏನಾಗಿತ್ತು?”

“ನಮ್ಮವ್ವನ್ನೇ ಕೇಳು,” ಅಂತ ಅವನು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಶರಣಮ್ಮ ಅಂಗಳದಲ್ಲಿ ರೊಟ್ಟಿ ತಟ್ಟುತ್ತಿದ್ದರು. ತಲೆ ಎತ್ತಲಿಲ್ಲ. “ಭಟ್ಟಿ ಹಾಕ್ಲೇನು ಅಂತ ಕೇಳಿದಿ. ಅಡ್ಡಿಲ್ಲ ಅಂದೆ. ಅಂದ ಮ್ಯಾಲ ಮುಗೀತು. ಅದರ ಮ್ಯಾಲ ದಿನಾ ಕರದು ಕರದು ಡಬಲ್ ರೊಟ್ಟಿ ಕೊಡಾಕತ್ತಿ. ಅದನ್ನ ತಿಂದ ಬಾಯಿಲೇ ನಿನ್ನ ಹೊಗಿ ಬ್ಯಾಡ ಅನ್ನಲೇನು?”

“ಅಯ್ಯೋ ಅಮ್ಮಾ, ಅದು ಹಿಂದಿನ ದಿನ ಉಳಿದದ್ದು ಕೊಡ್ತಿದ್ದೆ!” ಬಾಯಿ ತಪ್ಪಿ ಬಂದುಬಿಟ್ಟಿತು.

“ಗೊತ್ತದ. ನನ್ನ ಹಲ್ಲಿಗೆ ಗೊತ್ತಾಗಂಗಿಲ್ಲೇನು?” ಅಂದರು.

ಮಾನಪ್ಪ ಬಿದ್ದು ಬಿದ್ದು ನಕ್ಕ. ಅವರ ತುಟಿಯ ತುದಿಯಲ್ಲೂ ಏನೋ ಆಡಿತು. ನನಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕಿತ್ತು. ಕಟ್ಟೆಗೆ ಬಂದು ಕೂರುತ್ತಿದ್ದದ್ದು ನನ್ನ ಮಾತಿಗಲ್ಲ, ಮನೆಯೊಳಗೆ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿರಲಿಲ್ಲ. ಮಾಳಗಿಯ ಮೇಲೆ ಓಡಾಟ ನಿಂತದ್ದು ನನ್ನ ನಿದ್ದೆಗಲ್ಲ, ಅಲ್ಲಿ ಉಸಿರಾಡಲಿಕ್ಕೆ ಆಗುತ್ತಿರಲಿಲ್ಲ. ಮೆಣಸಿನಕಾಯಿಯನ್ನು ಓಣಿಯ ಆಚೆ ತುದಿಗೆ ಹೊತ್ತು ಒಣಗಿಸುತ್ತಿದ್ದರು. ನಾನು ಪ್ರೀತಿ ಅಂತ ಎಣಿಸಿ ಊರಿಗೆ ಬರೆದದ್ದೆಲ್ಲ ಹೊಗೆಯಿಂದ ಓಡಿಬಂದದ್ದು.

ಅವತ್ತೇ ಮೊದಲ ಸಲ ನಾನಾಗಿ ಮಾಳಗಿ ಹತ್ತಿದೆ. ಹತ್ತಿ ನೋಡಿದರೆ ಮಗು ಕೂಡ ಹೇಳಬಹುದಿತ್ತು. ನನ್ನ ಹೊಗೆಗೂಡು ನನ್ನ ಸೊಂಟಕ್ಕೆ ಬರುತ್ತಿತ್ತು. ಅದರ ಬಾಯಿಯಿಂದ ಶರಣಮ್ಮನ ಬೆಳಕಿಂಡಿಗೆ ಒಂದು ನೆಗೆತದ ದೂರ. ಚಳಿಯ ಮುಂಜಾವಿನಲ್ಲಿ ಹೊಗೆ ಮೇಲೇಳದೇ ಮಾಳಗಿಯ ಮೇಲೆ ನೀರಿನ ಹಾಗೆ ಹರಿದು, ಸಿಕ್ಕ ತೂತಿನಲ್ಲಿ ಇಳಿದಿದೆ. ಎರಡು ಮೊಳ ಅನ್ನುವ ಲೆಕ್ಕ ಹೆಂಚಿನ ಮನೆಯದು. ಅಲ್ಲಿ ಸೂರಿನ ಮೇಲೆ ಯಾರೂ ಬದುಕುವುದಿಲ್ಲ.

ಆಮೇಲೆ ನನ್ನ ಹುಚ್ಚು ಇನ್ನೊಂದು ದಿಕ್ಕಿಗೆ ತಿರುಗಿತು. ಮಾನಪ್ಪ ಕಲ್ಲು ತಂದ. ನಾವಿಬ್ಬರೂ ಗೂಡನ್ನು ಎತ್ತರಿಸಿದೆವು, ಮಾಳಗಿಯ ಮೇಲೆ ನಿಂತವನು ಕೈ ಎತ್ತಿದರೂ ಬಾಯಿ ಸಿಗದಷ್ಟು. ಒಣ ಹುಲ್ಲು ಹೊತ್ತಿಸಿ ನೋಡಿದರೆ ಹೊಗೆ ಶರಣಮ್ಮನ ಬೆಳಕಿಂಡಿ ಬಿಟ್ಟು ಆಚೆ ಮನೆಯ ಹಪ್ಪಳದ ಮೇಲೆ ಹೋಗಿ ಕೂತಿತು. “ಲೇ ಮೈಸೂರ ತಮ್ಮಾ, ನಮ್ಮ ಹಪ್ಪಳಕ್ಕ ಒಗ್ಗರಣಿ ಹಾಕಾಕತ್ತಿಯೇನೋ!” ಅಂತ ಅಲ್ಲಿಂದ ಕೂಗು. ಆ ಬೈಗುಳ ಕೇಳಿ ನನಗಾದ ನೆಮ್ಮದಿ ಹೇಳತೀರದು. ಆಚೆ ಮನೆಯವರಿಗೆ ನಾನು ಬನ್ನು ಕೊಟ್ಟಿರಲಿಲ್ಲವಲ್ಲ.

ಗಾಳಿಯನ್ನೇ ಕೇಳಬೇಕು ಅನ್ನಿಸಿತು. ಇಲ್ಲಿ ಸಂಜೆ ಮನೆಮನೆಗೆ ಕೆಂಡದ ಮೇಲೆ ಲೋಬಾನ ಹಾಕುತ್ತಾರೆ, ನಮ್ಮ ಸಾಂಬ್ರಾಣಿ. ಶರಣಮ್ಮನ ಲೋಬಾನದ ಬಟ್ಟಲನ್ನು ಕಾಡಿ ಬೇಡಿ ತಂದು, ಕೋಲಿಗೆ ಕಟ್ಟಿ ಎತ್ತಿ ಹಿಡಿದು ಮಾಳಗಿಯ ಮೇಲೆ ನಿಂತೆ. ಮುಂಜಾನೆ ಒಮ್ಮೆ, ಹೊತ್ತೇರಿದ ಮೇಲೆ ಒಮ್ಮೆ, ಸಂಜೆ ಒಮ್ಮೆ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. “ದೇವರು ಬಂದದ ಅವನ ಮೈಮ್ಯಾಲ,” ಅಂದರು. ತಿಳಿದದ್ದು ಇಷ್ಟು: ಮುಂಜಾನೆ ಹೊಗೆ ಬೀಳುತ್ತದೆ, ಬಿಸಿಲು ಕಾದ ಮೇಲೆ ಏಳುತ್ತದೆ. ಅಂದರೆ ಬೆಳಗಿನ ಬಿಸಿ ಬನ್ನು, ನನ್ನ ಹೆಮ್ಮೆಯ ಬನ್ನು, ಹೋಗಬೇಕು. ಒಂದು ದಿನ ಹಟ ಮಾಡಿದೆ, ಆಮೇಲೆ ಬಿಟ್ಟೆ. ಈಗ ಭಟ್ಟಿ ಹೊತ್ತುವುದು ಮಧ್ಯಾಹ್ನ, ಒಣಗಿದ ಕಟ್ಟಿಗೆ ಮಾತ್ರ, ಹೊಟ್ಟು ಗೋಣಿ ಏನೂ ಇಲ್ಲ. ಬಸ್ಸಿನವರಿಗೆ ಹಿಂದಿನ ಸಂಜೆಯ ಬನ್ನು. ಕಂಡಕ್ಟರು ಮುಖ ಕಿವುಚಿದ, ಆದರೂ ತಿನ್ನುತ್ತಾನೆ.

ಹತ್ತಿಕುಣಿಗೆ ಮಾನಪ್ಪನ ಬಂಡಿಯಲ್ಲಿ ನಾನೂ ಹೋದೆ, ಬರಿಗೈಯಲ್ಲಿ. “ಬಂದು ಮೂಸಿ ನೋಡ್ರಿ,” ಅಂದೆ ಹಣಮಂತ್ರಾಯರಿಗೆ, ನನಗೆ ಬಂದಷ್ಟು ಇಲ್ಲಿಯ ಮಾತಿನಲ್ಲಿ. ಅವರು ಬಂದರು. ಭಟ್ಟಿ ಹೊತ್ತಿದ್ದ ಹೊತ್ತಿನಲ್ಲೇ ಬಂದರು, ಹೇಳದೇ ಕೇಳದೇ. ಮಾಳಗಿ ಹತ್ತಿದರು, ಇಳಿದರು, ಬೆಳಕಿಂಡಿಯ ಕೆಳಗೆ ಮೂಗು ಎತ್ತಿ ನಿಂತರು. “ಅಡ್ಡಿಲ್ಲ,” ಅಂದರು. ಈ ಮಾತಿನ ತೂಕ ನನಗೆ ಈಗ ಗೊತ್ತು.

ನೀಲಮ್ಮ ಬಂದ ದಿನ ಚಪ್ಪಡಿಯನ್ನು ಮಾನಪ್ಪ ಮತ್ತು ನಾನು ಪೂರ್ತಿ ಸರಿಸಿದೆವು. ಕೆಳಗೆ ಬಿದ್ದ ಬೆಳಕಿನ ಚೌಕದಲ್ಲಿ ಶರಣಮ್ಮ ಮಗಳನ್ನು ಕೂರಿಸಿ, ಕೌದಿಯ ಕೊನೆಯ ಅಂಚು ಹೊಲಿಯಲು ಕೂತರು. ಮೇಲೆ ನಮ್ಮ ತಲೆಗಳು ಅಡ್ಡ ಬಂದವು. “ಬೆಳಕ ಬಿಡ್ರೋ!” ಅಂತ ಗದರಿದರು. ಹೆಣ್ಣುಕೂಸು ಹುಟ್ಟಿದೆ, ಆರಾಮಿದೆ.

ಈಗ ಶರಣಮ್ಮ ನನ್ನ ಕಟ್ಟೆಗೆ ಬರುವುದಿಲ್ಲ. ಅವರ ಮನೆಯಲ್ಲೇ ಬೆಳಕಿದೆ, ಯಾಕೆ ಬರಬೇಕು? ಖಾಲಿ ಕಟ್ಟೆ ನೋಡಿದರೆ ಬೇಸರವಾಗುತ್ತದೆ. ಬೇಸರವಾಯಿತಲ್ಲ ಅಂತ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಊರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರನ್ನು ಕಂಡೆ. ನನ್ನ ಮಾತು ಬದಲಾಗಿದೆ ಅಂತ ನಕ್ಕಿರಿ. ಅಪ್ಪನ ಆಲೆಮನೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ಕಬ್ಬಿನ ಸಿಪ್ಪೆ ಉರಿಯುವ ಹೊಗೆ ಎಂದಿನ ಹಾಗೆ ಕೆಳಗಿನ ಕೇರಿಯ ಮೇಲೆ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಹೊಗೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದು ಇದೇ ಮೊದಲು. “ಕೇರಿಯವರು ಏನೂ ಅನ್ನಲ್ವಾ?” ಅಂದೆ. “ಏನು ಅಂತಾರೆ? ಪ್ರತಿ ಸಲವೂ ಒಂದೊಂದು ಅಚ್ಚು ಬೆಲ್ಲ ಕೊಡ್ತೀವಲ್ಲ,” ಅಂದರು ಅಪ್ಪ. ಕೇರಿಗೆ ಇಳಿದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಲ್ಲಿ ನಾನು ಆಲೆಮನೆಯವರ ಮಗ, ನನ್ನ ಮುಂದೆ ಅವರು ಅಡ್ಡಿಯಿಲ್ಲ ಅನ್ನುತ್ತಿದ್ದರು.

ಶಹಾಪುರಕ್ಕೆ ವಾಪಸು ಬಂದ ಸಂಜೆ ನಾಳೆಗೆ ಹಿಟ್ಟು ಕಲಸಿಟ್ಟು ಚಾಪೆ ಹಾಸಿ ಮಲಗಿದೆ. ಊರಲ್ಲಿ ಹೆಂಚು ನೋಡುತ್ತ ಮಲಗಿದಾಗ ಮೇಲೆ ಯಾಕೋ ಬಿಕೋ ಅನ್ನಿಸಿತ್ತು. ಇಲ್ಲಿ ಮಲಗಿ ಊರಿನ ಆ ಹೊಗೆಯ ವಾಸನೆಯನ್ನು ಮೂಗು ಹುಡುಕುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲೆ ಧಪಧಪ ಹೆಜ್ಜೆ, ಹಿಂದೆಯೇ ಕೂಸಿನ ಅಳು, ಶರಣಮ್ಮನ ಗಂಟಲು: “ತಮ್ಮಾ, ಬಂದಿಯೇನು? ಭಟ್ಟಿ ಈಗ ಹಚ್ಚಬ್ಯಾಡ ಮತ್ತ, ಕೂಸು ಮ್ಯಾಲದ!”

ಮಣ್ಣು ಉದುರಿತು. ನಾನು ಎದ್ದು ಹಿಟ್ಟಿನ ಬೋಗುಣಿಗೆ ತಟ್ಟೆ ಮುಚ್ಚಿದೆ.